ಬ್ಲಿಯೋಮೈಸಿನ್ ಎಂಬ ಔಷಧದ ಪೂರ್ವೋತ್ತರ

ಕ್ರಿ. ಶ. 1917ನೆಯ ಇಸವಿ ಜುಲೈ ತಿಂಗಳಿನಲ್ಲಿ ಬೆಲ್ಜಿಯಂ ದೇಶದ ಈಪ್ರ್ ಪಟ್ಟಣದ ಸಮೀಪದ ರಣರಂಗದಲ್ಲಿ ಜರ್ಮನ್ ಸೈನ್ಯವು ಒಂದು ಹೊಸ ವಿಷವನ್ನು ಪ್ರಯೋಗಿಸಿತು. ಸಾಸುವೆಯ ಘಾಟನ್ನು ಹೋಲುವ ವಾಸನೆಯಿದ್ದುದರಿಂದ ಅದಕ್ಕೆ ಸಾಸುವೆ ಅನಿಲವೆಂಬ ಹೆಸರು ಬಿದ್ದಿತು. ಅದು ತಾಗಿದ ಚರ್ಮವು ಬೊಬ್ಬೆಯೇಳುತ್ತಿತ್ತು. ಕಣ್ಣುಗಳು ಉರಿದು ಮುಚ್ಚಿಹೋಗುತ್ತಿದ್ದುವು. ಉಸಿರಿನೊಡನೆ ಒಳಹೊಕ್ಕರೆ ಶ್ವಾಸನಾಳವನ್ನೂ ಶ್ವಾಸಕೋಶವನ್ನೂ ಸುಡುತ್ತಿತ್ತು. ಹೀಗೆ ಮಡಿದವರ ದೇಹಗಳನ್ನು ಪರೀಕ್ಷಿಸಿದ ಅಮೆರಿಕದ ಕ್ರಂಬಾರ್ ದಂಪತಿಗಳು, ಈ ವಿಷವು ಚರ್ಮವನ್ನೂ ಉಸಿರಿನ ದಾರಿಯನ್ನೂ ಸುಡುವುದಲ್ಲದೆ ಅಸ್ಥಿಮಜ್ಜೆಯನ್ನು ಬರಿದುಮಾಡಿ ಬಿಳಿಯ ರಕ್ತಕಣಗಳನ್ನು ಅಳಿಸಿಬಿಡುತ್ತದೆಂದು 1919ರಲ್ಲಿ ತಿಳಿಸಿದರು. ಆ ಮಾತು ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಕಡತದಲ್ಲಿಯೇ ಉಳಿಯಿತು. ಎರಡನೆಯ ಮಹಾಯುದ್ಧದ ನಡುವೆ, 1942ರಲ್ಲಿ, ಯೇಲ್ ವಿಶ್ವವಿದ್ಯಾನಿಲಯದ ಗಿಲ್ಮನ್ ಮತ್ತು ಗುಡ್‌ಮನ್ ಎಂಬ ಪಂಡಿತರು ಆ ಅನಿಲದ ಸೋದರಸಂಬಂಧಿಯೆನ್ನಬಹುದಾದ ನೈಟ್ರೊಜನ್ ಮಸ್ಟರ್ಡ್ ಎಂಬ ದ್ರವ್ಯವನ್ನು ದುಗ್ಧಗ್ರಂಥಿಗಳ ಅರ್ಬುದದಿಂದ ನರಳುತ್ತಿದ್ದ ರೋಗಿಯೊಬ್ಬನ ರಕ್ತನಾಳಕ್ಕೆ ಹೊಗಿಸಿದರು. ಗಡ್ಡೆಗಳು ಕೆಲವು ದಿನಗಳಲ್ಲಿ ಕರಗಿದುವು. ಕೆಲವು ವಾರಗಳಲ್ಲಿ ಮತ್ತೆ ಬೆಳೆದುವು. ಯುದ್ಧದ ಗುಟ್ಟಾದುದರಿಂದ ಈ ಸಂಗತಿಯು 1946ರವರೆಗೆ ಪ್ರಕಟವಾಗಲಿಲ್ಲ. ಅರ್ಬುದಕ್ಕೆ ರಸಾಯನ ಚಿಕಿತ್ಸೆಯೆಂಬುದು ಹುಟ್ಟಿದ್ದು ಇಂತಹ ಮನೆಯಲ್ಲಿ. ಉಸಿರನ್ನು ಸುಟ್ಟ ವಿಷದ ವಂಶದಿಂದಲೇ ಮೊದಲನೆಯ ಔಷಧವು ಬಂದಿತೆಂಬುದನ್ನು ವಾಚಕರು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ವೃತ್ತಾಂತವು ಅಷ್ಟೊಂದು ಆಶ್ಚರ್ಯಕರವಾಗಿ ತೋರದು.

ಆ ಮೇಲಿನ ಹತ್ತು ವರ್ಷಗಳಲ್ಲಿ ಔಷಧಗಳು ಒಂದರ ಹಿಂದೊಂದು ಬಂದುವು. ಭೀಮವರದಲ್ಲಿ ಹುಟ್ಟಿ ಅಮೆರಿಕಕ್ಕೆ ಹೋಗಿ ನೆಲೆಸಿದ ಯಲ್ಲಾಪ್ರಗಡ ಸುಬ್ಬಾರಾಯರ ಪ್ರಯೋಗಶಾಲೆಯಿಂದ ಫೋಲಿಕ್ ಆಮ್ಲವನ್ನು ವಿರೋಧಿಸುವ ದ್ರವ್ಯಗಳು ಹೊರಟು, ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಎಂಬ ವೈದ್ಯರ ಕೈಯಲ್ಲಿ ರಕ್ತದ ಅರ್ಬುದವಿದ್ದ ಮಕ್ಕಳಿಗೆ ಕೆಲಕಾಲದ ಆಯುಸ್ಸನ್ನು ಕೊಟ್ಟುವು. ಈ ಕುಲದ ಮೆಥೊಟ್ರೆಕ್ಸೇಟ್ ಇಂದಿಗೂ ಬಳಕೆಯಲ್ಲಿದೆ. 1953ರಲ್ಲಿ ಲಂಡನ್ನಿನಿಂದ ಬುಸಲ್ಫಾನ್ ಬಂದಿತು; ದೀರ್ಘಕಾಲದ ರಕ್ತಾರ್ಬುದದಲ್ಲಿ ಅದರ ಗುಣವನ್ನು ಗಾಲ್ಟನ್ ಎಂಬವರು ವರ್ಣಿಸಿದರು. ದಿನಕ್ಕೊಂದೆರಡು ಗುಳಿಗೆಗಳನ್ನು ನುಂಗಿ ರೋಗಿಗಳು ವರ್ಷಗಟ್ಟಲೆ ತಮ್ಮ ತಮ್ಮ ಕೆಲಸಗಳಲ್ಲಿ ತೊಡಗಿರುತ್ತಿದ್ದರು. ಆದರೆ ಹೀಗೆ ವರ್ಷಗಟ್ಟಲೆ ನುಂಗಿದವರಲ್ಲಿ ಕೆಲವರಿಗೆ ಏದುಸಿರು ಮೊದಲಾಯಿತು. ಅವರ ಶ್ವಾಸಕೋಶವು ಗಾಯ ಮಾಗಿದ ಚರ್ಮದಂತೆ ಬಿರುಸಾಗಿ ನಾರುಗಟ್ಟಿದ್ದುದನ್ನು 1961ರಲ್ಲಿ ವೈದ್ಯರು ವರದಿಮಾಡಿದರು. ಗಡ್ಡೆಯನ್ನಳಿಸುವ ಗುಳಿಗೆಯು ಉಸಿರನ್ನೂ ಕೆಡಿಸಬಲ್ಲುದೆಂಬುದಕ್ಕೆ ಇದು ಮೊದಮೊದಲಿನ ಸಾಕ್ಷ್ಯ. ಮೆಥೊಟ್ರೆಕ್ಸೇಟಿನ ವಿಷಯದಲ್ಲಿಯೂ 1969ರಲ್ಲಿ ಅಂತಹುದೇ ಸುದ್ದಿಯು ಬಂದಿತು. ಆದರೂ ಶ್ವಾಸಕೋಶದ ಮೇಲಣ ಈ ಪರಿಣಾಮದ ಪ್ರಶ್ನೆಯನ್ನು ವೈದ್ಯರೆಲ್ಲರ ಮುಂದೆ ತಂದು ನಿಲ್ಲಿಸಿದ ಕೀರ್ತಿಯೋ ಅಪಕೀರ್ತಿಯೋ ಸಲ್ಲತಕ್ಕುದು ಜಪಾನಿನಿಂದ ಬಂದ ಮತ್ತೊಂದು ಔಷಧಕ್ಕೆ.

ಹಮಾವೊ ಉಮೆಜಾವ ಎಂಬವರು 1914ರಲ್ಲಿ ಜಪಾನಿನ ಫುಕುಯಿ ಪ್ರಾಂತದಲ್ಲಿ ಜನಿಸಿದರು. ಯುದ್ಧಕಾಲದಲ್ಲಿ ಪೆನಿಸಿಲಿನ್ ತಯಾರಿಸುವ ಕಾರ್ಯದಲ್ಲಿ ಪಳಗಿದ ಮೇಲೆ, ಮಣ್ಣಿನಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು ಪರಸ್ಪರ ಹೋರಾಟಕ್ಕಾಗಿ ಸ್ರವಿಸುವ ದ್ರವ್ಯಗಳನ್ನು ಶೋಧಿಸುವುದರಲ್ಲಿಯೇ ತಮ್ಮ ಬಾಳನ್ನು ಕಳೆದರು. 1957ರಲ್ಲಿ ಅವರು ಕಾನಮೈಸಿನ್ ಎಂಬ ಔಷಧವನ್ನು ಲೋಕಕ್ಕೆ ತಿಳಿಸಿದರು. ಕ್ಷಯರೋಗದ ಚಿಕಿತ್ಸೆಯಲ್ಲಿ ಅದು ಬಹುಕಾಲ ಉಪಯೋಗಕ್ಕೆ ಬಂದಿತು. ಅದರಿಂದ ದೊರೆತ ಗೌರವಧನದ ಬಲದಿಂದಲೇ ಟೋಕಿಯೊ ನಗರದಲ್ಲಿ ಸೂಕ್ಷ್ಮಜೀವಿ ರಸಾಯನ ಸಂಶೋಧನಾಲಯವು ಏರ್ಪಟ್ಟಿತು. ರೋಗಾಣುಗಳನ್ನು ಕೊಲ್ಲುವ ಈ ಮಣ್ಣಿನ ರಸಗಳಲ್ಲಿ ಅರ್ಬುದವನ್ನು ಕೊಲ್ಲುವವೂ ಏಕಿರಬಾರದೆಂಬುದು ಉಮೆಜಾವರ ತರ್ಕ. 1953ರಷ್ಟು ಹಿಂದೆಯೇ ಅವರು ಸಾರ್ಕೊಮೈಸಿನ್ ಎಂಬುದನ್ನು ಪಡೆದಿದ್ದರು. 1956ರಲ್ಲಿ ಫ್ಲಿಯೋಮೈಸಿನ್ ಸಿಕ್ಕಿತು. ಇದು ಇಲಿಗಳ ಗಡ್ಡೆಗಳನ್ನು ಕರಗಿಸುವುದರಲ್ಲಿ ಸಮರ್ಥವಾಗಿದ್ದರೂ ನಾಯಿಗಳ ಮೂತ್ರಪಿಂಡಗಳನ್ನು ಗುಣವಾಗದ ಹಾಗೆ ಕೆಡಿಸಿದ್ದರಿಂದ ಮನುಷ್ಯರಿಗೆ ಕೊಡುವಂತಿರಲಿಲ್ಲ. ಗುಣವು ಹೀಗೆಯೇ ಇದ್ದು ದೋಷವಿಲ್ಲದ ಮತ್ತೊಂದನ್ನು ಹುಡುಕತಕ್ಕದ್ದೆಂದು ಅವರು ನಿಶ್ಚಯಿಸಿದರು. ಫುಕುವೊಕ ಪ್ರಾಂತದ ಒಂದು ಕಲ್ಲಿದ್ದಲ ಗಣಿಯ ಮಣ್ಣಿನಲ್ಲಿ ದೊರೆತ ಸ್ಟ್ರೆಪ್ಟೊಮೈಸಿಸ್ ವರ್ಟಿಸಿಲಸ್ ಎಂಬ ಜೀವಿಯು ಅವರ ಆಸೆಯನ್ನು ನೆರವೇರಿಸಿತು. 1966ರಲ್ಲಿ ಅವರು ಪ್ರಕಟಿಸಿದ ಈ ದ್ರವ್ಯವೇ ಬ್ಲಿಯೋಮೈಸಿನ್. ತಾಮ್ರದೊಡನೆ ಕೂಡಿದಾಗ ಅದು ನೀಲಿಯ ಬಣ್ಣವನ್ನು ತಾಳುತ್ತದೆ.

ಟೋಕಿಯೊ ನಗರದ ಮೂತ್ರರೋಗ ತಜ್ಞರಾದ ಇಚಿಕಾವ ಎಂಬವರು ಇದನ್ನು ಮೊದಲು ಚರ್ಮದ ಮೇಲ್ಪದರದಿಂದ ಹುಟ್ಟುವ ಅರ್ಬುದಗಳಲ್ಲಿ, ವಿಶೇಷವಾಗಿ ಪುರುಷರ ಗುಹ್ಯಾಂಗದ ಅರ್ಬುದದಲ್ಲಿ, ಪ್ರಯೋಗಿಸಿ ಗಡ್ಡೆಗಳು ಕುಗ್ಗುವುದನ್ನು ಕಂಡರು. ಉಳಿದ ಅರ್ಬುದೌಷಧಗಳಿಗೆಲ್ಲ ಇದ್ದ ಸಾಮಾನ್ಯವಾದ ಕೇಡೆಂದರೆ ಅಸ್ಥಿಮಜ್ಜೆಯನ್ನು ಬತ್ತಿಸುವುದು. ಬ್ಲಿಯೋಮೈಸಿನ್ನಿನಲ್ಲಿ ಆ ಕೇಡು ಇಲ್ಲವೆನ್ನುವಷ್ಟು ಕಡಮೆ. ಮೂತ್ರಪಿಂಡಗಳಿಗೂ ಅಂಥ ಹಾನಿಯಾಗಲಿಲ್ಲ. ಹೀಗಾಗಿ ಇದನ್ನು ಬೇರೆ ಔಷಧಗಳ ಜೊತೆಗೆ ಸೇರಿಸಿ ಕೊಡಬಹುದಾಯಿತು. ರಕ್ತವು ಕೆಡದಿರುವಾಗ ವೈದ್ಯನಿಗೆ ಧೈರ್ಯವುಂಟಾಗುವುದು ಸಹಜವೇ. ಆದರೆ ಮೂತ್ರಪಿಂಡವನ್ನೂ ರಕ್ತವನ್ನೂ ಬಿಟ್ಟ ಪೀಡೆಯು ಬೇರೊಂದು ಅಂಗವನ್ನು ಹಿಡಿದುಕೊಂಡಿತ್ತು. ಔಷಧವು ದೇಹದಲ್ಲಿ ಶೇಖರವಾದ ಹಾಗೆಲ್ಲ ಕೆಲವು ರೋಗಿಗಳಿಗೆ ಒಣಕೆಮ್ಮು ಹತ್ತಿತು, ಮಹಡಿಯನ್ನೇರುವುದು ಕಷ್ಟವಾಯಿತು, ಎದೆಗೆ ನಳಿಗೆಯನ್ನಿಟ್ಟು ಕೇಳಿದರೆ ಬೆನ್ನಿನ ಕೆಳಭಾಗದಲ್ಲಿ ಕೂದಲೆಳೆಗಳನ್ನು ಕಿವಿಯ ಬಳಿ ಉಜ್ಜಿದಂತಹ ಸಣ್ಣ ಚಿಟಿಚಿಟಿ ಶಬ್ದವು ಕೇಳಿಸಿತು.

ಇದರ ಕಾರಣವನ್ನು ಶೋಧಿಸಿದವರಲ್ಲಿ ಉಮೆಜಾವರ ಬಳಗದವರೇ ಮುಂದಾಳುಗಳು. ದೇಹದ ಬಹುಪಾಲು ಅಂಗಗಳಲ್ಲಿ ಬ್ಲಿಯೋಮೈಸಿನ್ನನ್ನು ಮುರಿದು ನಿರ್ವಿಷಗೊಳಿಸುವ ಒಂದು ಕಿಣ್ವವಿದೆ. ಚರ್ಮದಲ್ಲಿಯೂ ಶ್ವಾಸಕೋಶದಲ್ಲಿಯೂ ಮಾತ್ರ ಅದು ಬಹಳ ಕಡಮೆ. ಆದುದರಿಂದಲೇ ಚರ್ಮದ ಅರ್ಬುದದಲ್ಲಿ ಔಷಧವು ಚೆನ್ನಾಗಿ ಕೆಲಸಮಾಡಿತು. ಆದುದರಿಂದಲೇ ಶ್ವಾಸಕೋಶವೂ ಕೆಟ್ಟಿತು. ಗುಣದೋಷಗಳೆರಡೂ ಒಂದೇ ಬೇರಿನಿಂದ ಹೊರಟುವು. ಇನ್ನು ಔಷಧದ ಕೆಲಸದ ರೀತಿಯನ್ನು ನೋಡಿದರೆ, ಅದು ಶರೀರದೊಳಗೆ ಕಬ್ಬಿಣದ ಅಣುವನ್ನು ಹಿಡಿದುಕೊಳ್ಳುತ್ತದೆ. ಆ ಕಬ್ಬಿಣವು ಪ್ರಾಣವಾಯುವನ್ನು ಹಿಡಿದುಕೊಳ್ಳುತ್ತದೆ. ಈ ಕೂಟದಿಂದ ಹುಟ್ಟುವ ಅತ್ಯುಗ್ರವಾದ ಕಣಗಳು ಜೀವಕೋಶದ ವಂಶತಂತುವನ್ನು ಕತ್ತರಿಸುತ್ತವೆ. ಕತ್ತರಿಯ ಅಲಗು ಹೀಗೆ ಪ್ರಾಣವಾಯುವೇ ಆಯಿತು. ಅದು ದೇಹದಲ್ಲೆಲ್ಲ ಅತಿ ಹೇರಳವಾಗಿರುವುದಾದರೂ ಎಲ್ಲಿ? ಶ್ವಾಸಕೋಶದಲ್ಲಿಯೇ.

ಆರೋಗ್ಯವಂತನ ಶ್ವಾಸಕೋಶದಲ್ಲಿ ಕೋಟ್ಯಂತರ ಗಾಳಿಗೂಡುಗಳಿವೆ. ಅವುಗಳ ಗೋಡೆಯು ಕಾಗದಕ್ಕಿಂತಲೂ ಎಷ್ಟೋ ಪಾಲು ತೆಳು. ಒಂದು ಕಡೆ ಗಾಳಿ, ಇನ್ನೊಂದು ಕಡೆ ನೆತ್ತರು. ಈ ತೆಳುವಾದ ತೆರೆಯನ್ನು ದಾಟಿಯೇ ಪ್ರಾಣವಾಯುವು ರಕ್ತವನ್ನು ಸೇರಬೇಕು. ಬ್ಲಿಯೋಮೈಸಿನ್ನಿನ ಪೆಟ್ಟು ಬಿದ್ದಾಗ ಈ ಗೋಡೆಯನ್ನು ಹೊದೆದಿರುವ ಜೀವಕೋಶಗಳು ಸಾಯುತ್ತವೆ. ದೇಹವು ಗಾಯವನ್ನು ಮಾಗಿಸಲು ಹೊರಟು, ನಾರುಗಳನ್ನು ನೆಯ್ಯುವ ಜೀವಕೋಶಗಳನ್ನು ಕಳುಹಿಸುತ್ತದೆ. ಮೊಣಕಾಲಿನ ಗಾಯವಾದರೆ ಒಂದು ಕಲೆಯುಳಿದು ವಿಷಯವು ಮುಗಿಯುತ್ತದೆ. ಗಾಳಿಗೂಡಿನ ಗೋಡೆಯಲ್ಲಿ ಕಲೆ ಮೂಡಿದರೆ ಗೋಡೆಯು ದಪ್ಪವಾಗಿ ಬಿರುಸಾಗುತ್ತದೆ. ಉಸಿರನ್ನೆಳೆದರೂ ಗೂಡು ಅರಳದು. ಒಳಗೆ ಬಂದ ಪ್ರಾಣವಾಯುವು ನೆತ್ತರನ್ನು ಸೇರದು. ಹೀಗೆ ನಾರುಗಟ್ಟಿದ ಭಾಗವನ್ನು ಮೊದಲಿನಂತೆ ಮಾಡುವ ಔಷಧವು ಇಂದಿಗೂ ಇಲ್ಲ. ಊತದ ಹಂತದಲ್ಲಿಯೇ ಕಂಡುಹಿಡಿದು ಬ್ಲಿಯೋಮೈಸಿನ್ನನ್ನು ನಿಲ್ಲಿಸಿ ಸ್ಟೀರಾಯ್ಡ್ ಔಷಧವನ್ನು ಕೊಟ್ಟರೆ ಹಲವರು ಚೇತರಿಸಿಕೊಳ್ಳುತ್ತಾರೆ. ಸಾಮಾನ್ಯವಾಗಿ ಹೇಳುವ ಲೆಕ್ಕದಂತೆ, ಔಷಧವನ್ನು ಪಡೆದ 100 ಜನರಲ್ಲಿ ಸುಮಾರು 10 ಮಂದಿಯ ಶ್ವಾಸಕೋಶಕ್ಕೆ ಏನಾದರೊಂದು ಬಾಧೆಯು ತಟ್ಟುತ್ತದೆ. ಒಬ್ಬಿಬ್ಬರು ಅದರಿಂದಲೇ ಸಾಯುತ್ತಾರೆ. ಒಟ್ಟು ಪ್ರಮಾಣವು 400 ಯೂನಿಟ್ಟುಗಳನ್ನು ಮೀರಿದಲ್ಲಿ ಅಪಾಯವು ಥಟ್ಟನೆ ಏರುತ್ತದೆ. ವೃದ್ಧರಲ್ಲಿಯೂ, ಮೂತ್ರಪಿಂಡಗಳು ದುರ್ಬಲವಾಗಿರುವವರಲ್ಲಿಯೂ, ಎದೆಗೆ ಕಿರಣಚಿಕಿತ್ಸೆಯಾದವರಲ್ಲಿಯೂ ಅಪಾಯವು ಮತ್ತಷ್ಟು ಹೆಚ್ಚು.

ಇಷ್ಟೆಲ್ಲ ತಿಳಿದ ಮೇಲೂ ಇದನ್ನು ಬಿಟ್ಟುಬಿಡಬಾರದಾಗಿತ್ತೆ ಎಂದು ಕೇಳುವವರಿಗೆ 1974ರ ವೃತ್ತಾಂತವೇ ಉತ್ತರ. ವೃಷಣದ ಅರ್ಬುದವು ತರುಣರ ರೋಗ. ಹದಿನೈದರಿಂದ ಮೂವತ್ತೈದು ವಯಸ್ಸಿನೊಳಗಿನವರನ್ನೇ ಹೆಚ್ಚಾಗಿ ಹಿಡಿಯುವುದು. ದೇಹದಲ್ಲೆಲ್ಲ ಹರಡಿದ ಮೇಲೆ ಅದರಿಂದ ಬದುಕಿ ಉಳಿದವರು ಆ ಕಾಲದಲ್ಲಿ ನೂರಕ್ಕೆ ಐದು ಹತ್ತು ಮಂದಿ ಮಾತ್ರ. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾನಿಲಯದ ತರುಣ ವೈದ್ಯರಾದ ಲಾರೆನ್ಸ್ ಐನ್‌ಹಾರ್ನ್ ಎಂಬವರು ಆ ವರ್ಷ ಮೂರು ಔಷಧಗಳನ್ನು ಕೂಡಿಸಿದರು: ಬಾರ್ನೆಟ್ ರೋಸೆನ್‌ಬರ್ಗರು ಪ್ಲಾಟಿನಂ ಲೋಹದಿಂದ ಕಂಡುಕೊಂಡಿದ್ದ ಸಿಸ್‌ಪ್ಲಾಟಿನ್, ನಿತ್ಯಪುಷ್ಪದ ಗಿಡದಿಂದ ತೆಗೆದ ವಿನ್‌ಬ್ಲಾಸ್ಟಿನ್, ಮತ್ತು ಜಪಾನಿನ ಬ್ಲಿಯೋಮೈಸಿನ್. ಮೂರರ ಪೀಡೆಗಳೂ ಬೇರೆ ಬೇರೆ ಅಂಗಗಳ ಮೇಲಾದುದರಿಂದ ಮೂರನ್ನೂ ಪೂರ್ಣ ಪ್ರಮಾಣದಲ್ಲಿ ಕೊಡುವುದು ಸಾಧ್ಯವಾಯಿತು. 1977ರಲ್ಲಿ ಅವರು ಡೊನೊಹ್ಯೂ ಎಂಬ ಶಸ್ತ್ರವೈದ್ಯರೊಡನೆ ಪ್ರಕಟಿಸಿದ ಫಲಿತಾಂಶವನ್ನು ಕಂಡು ವೈದ್ಯಲೋಕವು ತನ್ನ ಕಣ್ಣನ್ನು ತಾನೇ ನಂಬದಾಯಿತು. ಸುಮಾರು ಮುಕ್ಕಾಲು ಪಾಲು ರೋಗಿಗಳಲ್ಲಿ ಗಡ್ಡೆಗಳ ಸುಳಿವೇ ಉಳಿದಿರಲಿಲ್ಲ. ಮರಣವನ್ನು ಎದುರುನೋಡುತ್ತಿದ್ದ ಹುಡುಗರು ಮನೆಗೆ ಹಿಂದಿರುಗಿ, ಮದುವೆಯಾಗಿ, ಉದ್ಯೋಗಗಳಲ್ಲಿ ತೊಡಗಿದರು.

ಆದರೆ ಈ ವಿಜಯದ ನಡುವೆಯೇ ನ್ಯೂಯಾರ್ಕ್ ನಗರದ ಶಸ್ತ್ರಚಿಕಿತ್ಸಾಲಯವೊಂದರಲ್ಲಿ ಅರ್ಥವಾಗದ ಅನಾಹುತವು ನಡೆಯಿತು. ಔಷಧವು ಗಡ್ಡೆಗಳನ್ನು ಕುಗ್ಗಿಸಿದ ಮೇಲೆ ಉಳಿದ ತುಣುಕುಗಳನ್ನು ಶಸ್ತ್ರಕ್ರಿಯೆಯಿಂದ ತೆಗೆಯುವುದು ವಾಡಿಕೆ. ಹಿಂದೆ ಬ್ಲಿಯೋಮೈಸಿನ್ ಪಡೆದಿದ್ದ ಐದು ಮಂದಿಯನ್ನು ಒಬ್ಬರಾದ ಮೇಲೊಬ್ಬರಂತೆ ಹೀಗೆ ಕೊಯ್ದರು. ಶಸ್ತ್ರಕ್ರಿಯೆಯು ಸಾಂಗವಾಗಿ ಮುಗಿಯಿತು. ಅನಂತರದ ದಿನಗಳಲ್ಲಿ ಅವರಿಗೆ ಉಸಿರಾಟವು ಕಷ್ಟವಾಗಿ, ಐವರೂ ಸತ್ತರು. ಅರ್ಬುದವನ್ನು ಗೆದ್ದವರು ಹೀಗೆ ಮಂಚದ ಮೇಲೆ ಉಸಿರಿಲ್ಲದೆ ಸತ್ತುದಕ್ಕೆ ಕಾರಣವೇನೆಂದು ಗೋಲ್ಡಿನರ್ ಮೊದಲಾದ ಅರಿವಳಿಕೆಯ ವೈದ್ಯರು ವಿಚಾರಮಾಡಿದರು. ಅರಿವುತಪ್ಪಿದ ರೋಗಿಗೆ ಧಾರಾಳವಾಗಿ ಪ್ರಾಣವಾಯುವನ್ನು ಕೊಡುವುದು ಅರಿವಳಿಕೆಯ ವೈದ್ಯನು ಕಲಿಯುವ ಮೊದಲನೆಯ ಪಾಠ. ಅದು ದಯೆಯ ಕೆಲಸ, ಜಾಗರೂಕತೆಯ ಕೆಲಸ. ಆದರೆ ಹಳೆಯ ಔಷಧದಿಂದ ಮೊದಲೇ ಗಾಸಿಗೊಂಡಿದ್ದ ಶ್ವಾಸಕೋಶಕ್ಕೆ ಆ ಧಾರಾಳವೇ ಬೆಂಕಿಗೆ ಎಣ್ಣೆಯಾಗಿರಬಹುದೆಂದು ಅವರಿಗೆ ಸಂಶಯ ಬಂದಿತು. ಮುಂದಿನ ಹನ್ನೆರಡು ಮಂದಿಗೆ ಅವರು ನಾವೆಲ್ಲ ಸೇವಿಸುವ ಬಯಲ ಗಾಳಿಯಲ್ಲಿರುವುದಕ್ಕಿಂತ ಸ್ವಲ್ಪವೇ ಹೆಚ್ಚಾದ ಪ್ರಾಣವಾಯುವನ್ನು ಮಾತ್ರ ಕೊಟ್ಟು, ರಕ್ತನಾಳಕ್ಕೆ ಹರಿಸುವ ದ್ರವವನ್ನೂ ಅಳತೆಯಲ್ಲಿಟ್ಟರು. ಹನ್ನೆರಡು ಮಂದಿಯೂ ಬದುಕಿದರು. 1978ರಲ್ಲಿ ಇಂಗ್ಲೆಂಡಿನ ವೈದ್ಯಪತ್ರಿಕೆಯಲ್ಲಿ ಈ ವರದಿಯು ಬಂದಂದಿನಿಂದ ಬ್ಲಿಯೋಮೈಸಿನ್ ಪಡೆದವನೆಂದು ತಿಳಿದೊಡನೆ ಪ್ರಾಣವಾಯುವಿನ ಕೀಲಿಯನ್ನು ತಿರುಗಿಸಿ ಇಳಿಸುವುದು ಜಗತ್ತಿನ ಶಸ್ತ್ರಾಲಯಗಳಲ್ಲೆಲ್ಲ ನಿಯಮವಾಯಿತು.

ಈ ನಿಯಮವು ಎಷ್ಟರಮಟ್ಟಿಗೆ ಸರಿಯೆಂಬುದರಲ್ಲಿ ಆಮೇಲೆ ವಾದವೆದ್ದಿತು. 1998ರಲ್ಲಿ ಡೊನಾಟ್ ಮತ್ತು ಲೆವಿ ಎಂಬವರು ಇಂತಹ 77 ರೋಗಿಗಳ ಶಸ್ತ್ರಕ್ರಿಯೆಗಳನ್ನು ಪರಿಶೀಲಿಸಿ, ಕೇಡಿಗೆ ಮುಖ್ಯ ಕಾರಣವು ಪ್ರಾಣವಾಯುವಲ್ಲ, ಮಿತಿಮೀರಿ ಹರಿಸಿದ ದ್ರವ ಮತ್ತು ರಕ್ತವೆಂದು ಅಭಿಪ್ರಾಯಪಟ್ಟರು. ಹದಿನೇಳು ಜನರ ಅನುಭವದಿಂದ ಹುಟ್ಟಿದ ನಿಯಮವನ್ನು ಇಪ್ಪತ್ತು ವರ್ಷ ಯಾರೂ ತೂಗಿನೋಡದೆ ಇದ್ದುದು ವಿಚಿತ್ರವೇ. ಆದರೂ ಐದು ಹೆಣಗಳನ್ನು ಕಂಡವರ ಭಯವನ್ನು ಅಲ್ಲಗಳೆಯುವಂತಿಲ್ಲ. ರಕ್ತದಲ್ಲಿ ಪ್ರಾಣವಾಯುವು ಸಾಕಷ್ಟಿರುವಾಗ ಹೆಚ್ಚನ್ನು ಕೊಡದಿರುವುದು ಇಂದಿಗೂ ಅನೇಕ ವೈದ್ಯರ ಪದ್ಧತಿ. ಈ ಔಷಧವನ್ನು ಹಿಂದೆ ಪಡೆದವರು ಸಮುದ್ರದೊಳಗೆ ಮುಳುಗುವ ಮುನ್ನ ವೈದ್ಯರನ್ನು ಕೇಳಬೇಕೆಂಬ ಬುದ್ಧಿವಾದವೂ ಇದೇ ಮೂಲದ್ದು.

ಕಾಲವು ಕಳೆದರೂ ಶ್ವಾಸಕೋಶವು ಮರೆಯದೆಂಬುದಕ್ಕೆ ಇದಕ್ಕಿಂತಲೂ ಕಠೋರವಾದ ಸಾಕ್ಷ್ಯವು ಮತ್ತೊಂದು ಔಷಧದಿಂದ ದೊರೆಯಿತು. 1970ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಮಿದುಳಿನ ಗಡ್ಡೆಯಿದ್ದ ಮಕ್ಕಳಿಗೆ ಕಾರ್ಮುಸ್ಟಿನ್ ಎಂಬ ಔಷಧವನ್ನು ಕೊಟ್ಟಿದ್ದರು. ಅವರಲ್ಲಿ 17 ಮಂದಿ ಗಡ್ಡೆಯಿಂದ ಪಾರಾದರು. 1990ರಲ್ಲಿ ವೈದ್ಯರು ಅವರನ್ನು ಹುಡುಕಿಕೊಂಡು ಹೋದಾಗ ಆ 17ರಲ್ಲಿ 6 ಮಂದಿ ಶ್ವಾಸಕೋಶವು ನಾರುಗಟ್ಟಿ ಸತ್ತಿದ್ದರು. ಉಳಿದವರಲ್ಲಿ ಪರೀಕ್ಷೆಗೆ ಒಳಗಾದವರ ಶ್ವಾಸಕೋಶಗಳಲ್ಲಿ, ಔಷಧವನ್ನು ಪಡೆದು ಹದಿನೇಳು ವರ್ಷಗಳಷ್ಟು ಕಾಲ ಸಂದಿದ್ದರೂ, ಒಳಗೊಳಗೆ ಬೇನೆಯು ನಡೆಯುತ್ತಲೇ ಇದ್ದಿತು. ಮಗುವು ಉಳಿಯಿತೆಂದು ಸಮಾಧಾನಗೊಂಡಿದ್ದ ಆ ತಂದೆತಾಯಿಗಳ ಪಾಡನ್ನು ಊಹಿಸಬಹುದು.

ಬ್ಲಿಯೋಮೈಸಿನ್ನಿನ ಕಡೆಗೆ ತಿರುಗಿದರೆ, ಮುಂದಿನ ಇಪ್ಪತ್ತು ಮೂವತ್ತು ವರ್ಷಗಳ ಚರಿತ್ರೆಯೆಲ್ಲ ಅದನ್ನು ಎಷ್ಟು ಕಡಮೆ ಕೊಟ್ಟರೆ ಸಾಕೆಂಬ ಚೌಕಾಸಿಯ ಚರಿತ್ರೆ. ವಿನ್‌ಬ್ಲಾಸ್ಟಿನ್ನಿನ ಬದಲು ಎಟೊಪೊಸೈಡ್ ಬಂದಿತು. ಚಿಕಿತ್ಸೆಯ ಸುತ್ತುಗಳು ನಾಲ್ಕರಿಂದ ಮೂರಕ್ಕೆ ಇಳಿದುವು. ಮೂರು ಸುತ್ತಿಗೆ ಒಟ್ಟು 270 ಯೂನಿಟ್. ಹಾಗಾದರೆ ಪೂರ್ತಿಯಾಗಿ ಬಿಟ್ಟರೇನು? ಹಗುರವಾದ ರೋಗವಿದ್ದವರಲ್ಲಿ ಹೀಗೆ ಬಿಟ್ಟು ನೋಡಿದ ಫಲವು 1995ರಲ್ಲಿ ಪ್ರಕಟವಾಯಿತು. ಮೂರು ಸುತ್ತುಗಳಲ್ಲಿ ಬ್ಲಿಯೋಮೈಸಿನ್ ಪಡೆದವರಿಗಿಂತ ಪಡೆಯದವರಲ್ಲಿ ರೋಗವು ಮರುಕಳಿಸುವುದು ಹೆಚ್ಚಾಗಿ, ಸಾವೂ ಹೆಚ್ಚಾಯಿತು. ಉಸಿರನ್ನುಳಿಸಲು ಹೋಗಿ ಪ್ರಾಣವನ್ನೇ ಕಳೆದುಕೊಳ್ಳುವಂತಾಯಿತು. ಬಿಡಲೇಬೇಕಾದಲ್ಲಿ ಉಳಿದೆರಡು ಔಷಧಗಳನ್ನು ನಾಲ್ಕು ಸುತ್ತು ಕೊಡಬೇಕು, ಇಲ್ಲವೆ ಬೇರೊಂದು ಔಷಧವನ್ನು ಸೇರಿಸಬೇಕು. ಈ ಎರಡನೆಯ ದಾರಿಯನ್ನು ಲೋಕಪ್ರಸಿದ್ಧನೊಬ್ಬನು ಹಿಡಿದನು. 1996ರಲ್ಲಿ ಅಮೆರಿಕದ ಸೈಕಲ್ ಸವಾರ ಲಾನ್ಸ್ ಆರ್ಮ್‌ಸ್ಟ್ರಾಂಗನಿಗೆ ವೃಷಣದ ಅರ್ಬುದವು ಶ್ವಾಸಕೋಶಕ್ಕೂ ಮಿದುಳಿಗೂ ಹರಡಿದ್ದಿತು. ಮೊದಲ ಸುತ್ತಿನಲ್ಲಿ ಬ್ಲಿಯೋಮೈಸಿನ್ ಪಡೆದ ಮೇಲೆ ಆತನು ಐನ್‌ಹಾರ್ನರ ಇಂಡಿಯಾನಾ ಆಸ್ಪತ್ರೆಗೆ ಬಂದನು. ಅಲ್ಲಿಯ ವೈದ್ಯರು, ಉಸಿರೇ ಜೀವನೋಪಾಯವಾದವನಿಗೆ ಇದು ತಕ್ಕದ್ದಲ್ಲವೆಂದು, ಹೆಚ್ಚು ಕಷ್ಟಕರವಾದರೂ ಶ್ವಾಸಕೋಶವನ್ನು ಮುಟ್ಟದ ಐಫೊಸ್ಫಮೈಡನ್ನು ಕೊಟ್ಟರು. ಆತನು ಗುಣಹೊಂದಿ ಮತ್ತೆ ಸೈಕಲ್ಲನ್ನೇರಿದನು. ನಿಷಿದ್ಧವಾದ ಮದ್ದುಗಳನ್ನು ಸೇವಿಸಿದುದಕ್ಕಾಗಿ 2012ರಲ್ಲಿ ಆತನ ಹಲವು ಬಿರುದುಗಳು ಹೋದುವೆಂಬುದು ಬೇರೆ ಮಾತು, ಉಸಿರಂತೂ ಉಳಿದಿತ್ತು.

ಹಾಡ್ಜ್‌ಕಿನ್ ಎಂಬ ಗ್ರಂಥಿರೋಗದಲ್ಲಿ ಚೌಕಾಸಿಯು ಹೆಚ್ಚು ಸುಲಭವಾಯಿತು. ಇಟಲಿಯ ಮಿಲಾನ್ ನಗರದ ಬೊನಡೊನ ಎಂಬವರು 1970ರ ದಶಕದಲ್ಲಿ ರೂಪಿಸಿದ ನಾಲ್ಕು ಔಷಧಗಳ ಕೂಟದಲ್ಲಿ ಬ್ಲಿಯೋಮೈಸಿನ್ನೂ ಒಂದು. ಅದರಿಂದ ಎಷ್ಟೋ ತರುಣ ತರುಣಿಯರು ಗುಣಹೊಂದಿದರು. ವಯಸ್ಸಾದ ಕೆಲವರು ಏದುಸಿರಿಗೆ ತುತ್ತಾದರು. ಎರಡು ಸುತ್ತುಗಳಾದ ಮೇಲೆ ಪೆಟ್ ಎಂಬ ಚಿತ್ರಣದಲ್ಲಿ ರೋಗವು ಕಾಣದಿದ್ದರೆ ಮುಂದೆ ಬ್ಲಿಯೋಮೈಸಿನ್ನನ್ನು ಬಿಡಬಹುದೇ ಎಂದು ಬ್ರಿಟನ್ ಮೊದಲಾದ ದೇಶಗಳ ವೈದ್ಯರು ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಸೇರಿಸಿಕೊಂಡು ಪರೀಕ್ಷಿಸಿದರು. 2016ರಲ್ಲಿ ಉತ್ತರವು ಬಂದಿತು. ಮೂರು ವರ್ಷ ರೋಗವು ಮುಂದುವರಿಯದೆ ಉಳಿದವರು, ಔಷಧವನ್ನು ಪಡೆಯುತ್ತ ಹೋದವರಲ್ಲಿ ನೂರಕ್ಕೆ 85.7, ಬಿಟ್ಟವರಲ್ಲಿ 84.4. ಬಿಟ್ಟವರ ಶ್ವಾಸಕೋಶಗಳೂ ಹೆಚ್ಚು ಕ್ಷೇಮವಾಗಿದ್ದುವು. ಅಂದಿನಿಂದ ಆ ರೋಗದಲ್ಲಿ ಎರಡು ಸುತ್ತಿನ ಮೇಲೆ ಅದನ್ನು ಕೈಬಿಡುವುದು ಬಹಳ ಕಡೆ ರೂಢಿಗೆ ಬಂದಿದೆ.

ಈ ಔಷಧಕ್ಕೆ ಆಸ್ಪತ್ರೆಯ ಹೊರಗೆ ಇನ್ನೊಂದು ಉದ್ಯೋಗವೂ ಇದೆ. 1974ರಲ್ಲಿ ಆಡಮ್‌ಸನ್ ಮತ್ತು ಬೌಡೆನ್ ಎಂಬವರು ಇಲಿಗಳಿಗೆ ಬ್ಲಿಯೋಮೈಸಿನ್ ಕೊಟ್ಟು, ಶ್ವಾಸಕೋಶವು ನಾರುಗಟ್ಟುವ ಕ್ರಮವನ್ನು ಹಂತಹಂತವಾಗಿ ವರ್ಣಿಸಿದರು. ಕಾರಣವೇ ತಿಳಿಯದೆ ಶ್ವಾಸಕೋಶವು ನಾರುಗಟ್ಟಿ ಸಾಯುವ ಬೇರೊಂದು ರೋಗವುಂಟು. ಅದಕ್ಕೆ ಮದ್ದನ್ನು ಹುಡುಕುವವರು ಮೊದಲು ಬ್ಲಿಯೋಮೈಸಿನ್ನಿನಿಂದ ಇಲಿಯ ಶ್ವಾಸಕೋಶವನ್ನು ಕೆಡಿಸಿ, ಆಮೇಲೆ ತಮ್ಮ ಮದ್ದನ್ನು ಪರೀಕ್ಷಿಸುವುದು ಪದ್ಧತಿಯಾಯಿತು. 2008ರಲ್ಲಿ ಜಪಾನಿನಲ್ಲಿ ಮನ್ನಣೆ ಪಡೆದ ಪಿರ್‌ಫೆನಿಡೋನ್ ಎಂಬ ಮದ್ದು ಈ ಪರೀಕ್ಷೆಯನ್ನು ದಾಟಿ ಬಂದುದೇ. ಅದು ರೋಗದ ನಡೆಯನ್ನು ನಿಧಾನಗೊಳಿಸುತ್ತದೆ, ಹಿಂದಿರುಗಿಸದು.

ಉಮೆಜಾವರು 1986ರ ಡಿಸೆಂಬರಿನಲ್ಲಿ ತೀರಿಕೊಂಡರು. ಬ್ಲಿಯೋಮೈಸಿನ್ ಈಗ ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಾವಶ್ಯಕ ಔಷಧಗಳ ಪಟ್ಟಿಯಲ್ಲಿದೆ. ಚಿಕಿತ್ಸೆಗೆ ಮೊದಲೂ ನಡುವೆಯೂ ರೋಗಿಯ ಉಸಿರನ್ನು ಅಳೆಯುವುದುಂಟು. ಅತ್ಯಲ್ಪವಾದ ಇಂಗಾಲದ ಮಾನಾಕ್ಸೈಡನ್ನು ಒಂದು ಉಸಿರಿನಲ್ಲಿ ಎಳೆಸಿ, ಗಾಳಿಗೂಡಿನ ಗೋಡೆಯನ್ನು ದಾಟಿ ಎಷ್ಟು ನೆತ್ತರಿಗೆ ಸೇರಿತೆಂದು ಲೆಕ್ಕಹಾಕುತ್ತಾರೆ. ಡೆನ್ಮಾರ್ಕಿನ ಮರೀ ಕ್ರೋಗ್ ಎಂಬ ವೈದ್ಯೆಯು 1915ರಲ್ಲಿ, ಅಂದರೆ ಈಪ್ರಿನ ಸಾಸುವೆ ಅನಿಲಕ್ಕೆ ಎರಡು ವರ್ಷ ಮೊದಲು, ಈ ವಿಧಾನವನ್ನು ಪ್ರಕಟಿಸಿದ್ದಳು. ಯಂತ್ರವಿಲ್ಲದ ಕಡೆ ವೈದ್ಯರು ಪ್ರತಿ ಸೂಜಿಮದ್ದಿಗೆ ಮುನ್ನ ರೋಗಿಯ ಬೆನ್ನಿನ ಕೆಳಭಾಗಕ್ಕೆ ನಳಿಗೆಯನ್ನಿಟ್ಟು ಕೇಳಿ, ಕೆಮ್ಮು ಬಂದಿದೆಯೇ, ಕಳೆದ ವಾರ ಹತ್ತಿದ ಮೆಟ್ಟಿಲುಗಳನ್ನು ಈ ವಾರವೂ ನಿಲ್ಲದೆ ಹತ್ತಿದೆಯೇ ಎಂದು ವಿಚಾರಿಸುತ್ತಾರೆ.